ದಿನವಿಡೀ ನೀರು, ಸೋಪು, ಸಿಮೆಂಟು, ಥಿನ್ನರ್: ಕೈ ಹಾಳಾಗದಂತೆ ನೋಡಿಕೊಳ್ಳೋದು ಹೇಗೆ?

ನೀರುಕೈ

ಮನೆಯಲ್ಲಿ ಪಾತ್ರೆ, ಬಟ್ಟೆ, ನೆಲ, ಬಾತ್‌ರೂಮು. ಕೆಲಸದ ಜಾಗದಲ್ಲಿ ಗಂಟೆಗೆ ಮೂರು ನಾಲ್ಕು ಸಲ ಕೈ ತೊಳೆಯಲೇಬೇಕು. ಇಂಥ ಕೈಗಳು ಮೊದಲು ಬಿಗಿದುಕೊಂಡ ಹಾಗೆ ಆಗುತ್ತವೆ, ಆಮೇಲೆ ಉಂಗುರದ ಕೆಳಗೆ, ಬೆರಳ ಸಂದಿಯಲ್ಲಿ ಕೆಂಪಾಗುತ್ತವೆ, ಕೊನೆಗೆ ಗೆಣ್ಣುಗಳ ಮೇಲೆ ಸೀಳು ಬಿಡುತ್ತವೆ. ಕೇಳಿದರೆ ಎಲ್ಲರೂ ಹೇಳೋದು ಎರಡೇ ಮಾತು: ಕ್ರೀಂ ಹಚ್ಚಿ, ಗ್ಲೌಸ್ ಹಾಕಿ. ಯಾವ ಕ್ರೀಂ, ಎಷ್ಟು, ಯಾವಾಗ? ಯಾವ ಗ್ಲೌಸ್, ಎಷ್ಟು ಹೊತ್ತು? ಇದನ್ನ ಯಾರೂ ಬಿಡಿಸಿ ಹೇಳಲ್ಲ. ಬೇರೆ ಬೇರೆ ಕೆಲಸದವರು ಇಲ್ಲಿದ್ದೀರಿ, ದಯವಿಟ್ಟು ವಿವರವಾಗಿ ಬರೆಯಿರಿ.

ಚರ್ಮವೈದ್ಯೆ

ಮೊದಲು ಏನು ನಡೆಯುತ್ತಿದೆ ಅಂತ ಅರ್ಥವಾದರೆ ಉಳಿದದ್ದು ಸುಲಭ. ಚರ್ಮದ ಅತಿ ಮೇಲಿನ ಪದರ ಸತ್ತ ಕೋಶಗಳದ್ದು. ಅಂಗೈ, ಅಂಗಾಲು ಬಿಟ್ಟರೆ ಅದರ ದಪ್ಪ ಸುಮಾರು 10ರಿಂದ 20 ಮೈಕ್ರೋಮೀಟರ್ ಅಷ್ಟೇ. ಇಟ್ಟಿಗೆ ಗೋಡೆಯ ಹಾಗೆ ಯೋಚಿಸಿ: ಕೋಶಗಳು ಇಟ್ಟಿಗೆ, ನಡುವೆ ಗಾರೆಯ ಜಾಗದಲ್ಲಿ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು. ಸೋಪು ಎಣ್ಣೆ ಜಿಡ್ಡನ್ನು ಎಬ್ಬಿಸುವಾಗ ಈ ಗಾರೆಯನ್ನೂ ಸ್ವಲ್ಪ ಎಬ್ಬಿಸುತ್ತದೆ. ಜೊತೆಗೆ, ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 4.5ರಿಂದ 5.5 (7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಕ್ಷಾರ). ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಪ್ರತಿ ಸಲ ತೊಳೆದಾಗಲೂ ಪಿಎಚ್ ಮೇಲೇರುತ್ತದೆ, ಅದು ಇಳಿಯಲು ಸಮಯ ಬೇಕು.

ಒಂದು ಸಲದ ಹೊಡೆತ ಲೆಕ್ಕಕ್ಕಿಲ್ಲ. ಆರೋಗ್ಯವಾದ ಚರ್ಮ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಆದರೆ ದುರಸ್ತಿ ಮುಗಿಯುವ ಮುಂಚೆ ಎರಡನೇ ಹೊಡೆತ, ಮೂರನೆಯದು ಬಿದ್ದರೆ ಹಾನಿ ಕೂಡುತ್ತಾ ಹೋಗುತ್ತದೆ. ಹಾಗಾಗಿ "ಇಷ್ಟು ವರ್ಷ ಇದೇ ಸೋಪು, ಏನೂ ಆಗಿರಲಿಲ್ಲ" ಅನ್ನುವ ಮಾತು ನಿಜ, ಆದರೆ ಆ ಸೋಪು ನಿರಪರಾಧಿ ಅಂತ ಅದರಿಂದ ಸಾಬೀತಾಗಲ್ಲ. ಒಂದೇ ಅಪರಾಧಿಯನ್ನು ಹುಡುಕಬೇಡಿ. ನೀರು, ಸೋಪು, ಬಿಸಿ, ಉಜ್ಜಾಟ, ಗ್ಲೌಸ್ ಒಳಗಿನ ಬೆವರು, ಒಣ ಹವೆ, ಎಲ್ಲದರ ಒಟ್ಟು ಲೆಕ್ಕ ಇಳಿಸಬೇಕು.

ಔದ್ಯೋಗಿಕ ವೈದ್ಯಶಾಸ್ತ್ರದಲ್ಲಿ ಬಳಕೆಯಲ್ಲಿರುವ ಒಂದು ಅಳತೆ ಇದೆ: ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ಕೈ ಒದ್ದೆ ಇದ್ದರೆ, ಅಥವಾ ದಿನಕ್ಕೆ 20ಕ್ಕಿಂತ ಹೆಚ್ಚು ಸಲ ಕೈ ತೊಳೆದರೆ ಅದು "ಒದ್ದೆ ಕೆಲಸ". ನೀವು ಬರೆದದ್ದು ಎರಡೂ ಗೆರೆ ದಾಟುತ್ತದೆ. ಇಲ್ಲಿ ಮನೆಯ ಗಂಟೆಗಳನ್ನೂ ಕೂಡಿಸಬೇಕು. ಆಫೀಸಿನಲ್ಲಿ ಒಂದೂವರೆ ಗಂಟೆ, ಮನೆಯಲ್ಲಿ ಒಂದು ಗಂಟೆ ಅಂದರೆ ಚರ್ಮಕ್ಕೆ ಅದು ಎರಡೂವರೆ ಗಂಟೆಯೇ.

ನೀರುಕೈ

ಬರೀ ನೀರೂ ಹಾನಿ ಮಾಡುತ್ತಾ ಮೇಡಂ?

ಚರ್ಮವೈದ್ಯೆ

ಮಾಡುತ್ತದೆ. ನೀರಲ್ಲಿ ನೆನೆದಾಗ ಮೇಲ್ಪದರ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ತೇವ ಹಿಡಿದಿಡುವ ನೈಸರ್ಗಿಕ ಪದಾರ್ಥಗಳು ನೀರಿನ ಜೊತೆ ಹೊರಗೆ ಹೋಗುತ್ತವೆ. ನೆನೆದು ಉಬ್ಬಿದ ಚರ್ಮದೊಳಗೆ ಡಿಟರ್ಜೆಂಟು ಸುಲಭವಾಗಿ ಇಳಿಯುತ್ತದೆ. ಬಿಸಿನೀರಾದರೆ ಇನ್ನೂ ಜೋರು. ಕೈ ತೊಳೆಯಲು ಉಗುರುಬೆಚ್ಚಗಿನ ಅಥವಾ ತಣ್ಣೀರು ಸಾಕು. ಕೈಯ ರೋಗಾಣು ಹೋಗುವುದು ಸೋಪು ಮತ್ತು ಉಜ್ಜುವಿಕೆಯಿಂದ, ನೀರಿನ ಬಿಸಿಯಿಂದ ಅಲ್ಲ.

ಸುರಕ್ಷತಾ_ಅಧಿಕಾರಿ

ಗ್ಲೌಸ್ ಬಗ್ಗೆ ಬರೆಯುವ ಮುಂಚೆ ಒಂದು ಮಾತು. ರಕ್ಷಣೆಯ ಸರಣಿಯಲ್ಲಿ ಗ್ಲೌಸ್‌ಗೆ ಕೊನೆಯ ಸ್ಥಾನ. ಮೊದಲ ಪ್ರಶ್ನೆ ಯಾವಾಗಲೂ "ಕೈ ಅಲ್ಲಿಗೆ ಹೋಗಲೇಬೇಕಾ?" ಅಂತ. ಉದ್ದ ಹಿಡಿಯ ಬ್ರಷ್, ಹಿಂಡುವ ವ್ಯವಸ್ಥೆ ಇರುವ ಮಾಪ್, ಇಕ್ಕಳ, ಬುಟ್ಟಿಯಲ್ಲಿಟ್ಟು ಅದ್ದುವ ವ್ಯವಸ್ಥೆ, ಸುರಿಯೋ ಬದಲು ಪಂಪ್. ಇವೆಲ್ಲ ಗ್ಲೌಸ್‌ಗಿಂತ ಹೆಚ್ಚು ಕೆಲಸ ಮಾಡುತ್ತವೆ, ಯಾಕೆಂದರೆ ಇವಕ್ಕೆ ತೂತು ಬೀಳಲ್ಲ, ಹಾಕಿಕೊಳ್ಳಲು ಯಾರೂ ಮರೆಯಲ್ಲ.

ಎರಡನೇ ಪ್ರಶ್ನೆ ಪ್ರಮಾಣದ್ದು. ಡಿಟರ್ಜೆಂಟನ್ನು ಅಂದಾಜಿನಲ್ಲಿ ಸುರಿಯುವುದು ದೊಡ್ಡ ತಪ್ಪು. ಡಬ್ಬಿಯ ಮೇಲೆ ಹೇಳಿದ್ದರ ಎರಡರಷ್ಟು ಹಾಕಿದರೆ ಕೊಳೆ ಎರಡರಷ್ಟು ಹೋಗಲ್ಲ. ಕೈಗೆ ತಾಗುವ ಡಿಟರ್ಜೆಂಟು ಮಾತ್ರ ಎರಡರಷ್ಟಾಗುತ್ತದೆ. ಅಳತೆ ಮುಚ್ಚಳ ಕಳೆದುಹೋಗಿದ್ದರೆ ಒಂದು ಚಮಚವನ್ನು ಅದಕ್ಕೇ ಮೀಸಲಿಡಿ.

ಬ್ಲೀಚ್‌ನಲ್ಲಿ ಇದು ಇನ್ನೂ ಮುಖ್ಯ. ಅದು ಸೋಡಿಯಂ ಹೈಪೋಕ್ಲೋರೈಟ್, ತೀವ್ರ ಕ್ಷಾರ. 5 ಶೇಕಡಾ ಬ್ಲೀಚ್ ಒಂದು ಭಾಗಕ್ಕೆ 49 ಭಾಗ ನೀರು ಸೇರಿಸಿದರೆ 0.1 ಶೇಕಡಾ ದ್ರಾವಣ, ಸಾಮಾನ್ಯ ಮೇಲ್ಮೈಗಳಿಗೆ ಸಾಕು. ತಣ್ಣೀರಿಗೆ ಬೆರೆಸಿ, ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆತರೆ ಕ್ಲೋರಿನ್ ಅನಿಲ, ಅಮೋನಿಯಾ ಇರುವ ಕ್ಲೀನರ್ ಜೊತೆ ಬೆರೆತರೆ ಕ್ಲೋರಮೈನ್. ಎರಡೂ ಶ್ವಾಸಕೋಶಕ್ಕೆ ಅಪಾಯ. ಬ್ಲೀಚ್ ನೀರಲ್ಲಿ ಕೈ ತೊಳೆಯುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ನಿಲ್ಲಿಸಿ.

ಲ್ಯಾಬ್_ಕೋಟು

ಸರ್ ಹೇಳಿದ್ದು ಸರಿ. ಈಗ ಗ್ಲೌಸ್. ನೈಟ್ರೈಲ್ ಅನ್ನೋದು ಗ್ಲೌಸ್ ಮಾಡುವ ಒಂದು ಕೃತಕ ರಬ್ಬರ್. "ನೈಟ್ರೈಲ್ ಹಾಕಿದ್ದೀನಿ, ಏನೂ ಆಗಲ್ಲ" ಅನ್ನೋದು ಅತಿ ಹೆಚ್ಚು ಕೇಳಿಬರುವ, ಅತಿ ಅಪಾಯದ ಮಾತು. ಗ್ಲೌಸ್ ಮೂರು ರೀತಿ ಸೋಲುತ್ತೆ. ಸೂಜಿಮೊನೆಯಷ್ಟು ತೂತಿನಿಂದ ದ್ರವ ಒಳಗೆ ಬರೋದು ಒಂದು. ರಾಸಾಯನಿಕ ತಾಗಿ ಗ್ಲೌಸ್ ಉಬ್ಬಿ, ಬಿರುಸಾಗಿ, ಹರಿಯೋದು ಇನ್ನೊಂದು. ಮೂರನೆಯದು ಕಣ್ಣಿಗೆ ಕಾಣಲ್ಲ: ಗ್ಲೌಸ್ ಚೆನ್ನಾಗೇ ಇರುತ್ತೆ, ಆದರೆ ರಾಸಾಯನಿಕದ ಅಣುಗಳು ಅದರ ಮೂಲಕ ನುಸುಳಿ ಒಳಗೆ ಬಂದಿರುತ್ತವೆ.

ಒಮ್ಮೆ ಬಳಸಿ ಬಿಸಾಡುವ ನೈಟ್ರೈಲ್ ಗ್ಲೌಸ್ ದಪ್ಪ ಸುಮಾರು 0.1 ಮಿ.ಮೀ. ಎಣ್ಣೆ, ಗ್ರೀಸು, ಡಿಟರ್ಜೆಂಟಿಗೆ ಒಳ್ಳೆಯದು. ಅಸಿಟೋನ್ ಆದರೆ ಒಂದೆರಡು ನಿಮಿಷದಲ್ಲೇ ಒಳಗೆ. ಅಸಿಟೋನ್‌ಗೆ ಬ್ಯೂಟೈಲ್ ರಬ್ಬರ್ ಬೇಕು. ಅದೇ ಬ್ಯೂಟೈಲ್ ಪೆಟ್ರೋಲಿಗೆ ನಿಲ್ಲಲ್ಲ, ಅಲ್ಲಿ ದಪ್ಪ ನೈಟ್ರೈಲ್ ಸರಿ. ಪೇಂಟ್ ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಹಲವು ದ್ರಾವಕ ಬೆರೆತಿರುತ್ತವೆ, ಒಂದಕ್ಕೆ ತಡೆಯುವ ಗ್ಲೌಸ್ ಇನ್ನೊಂದಕ್ಕೆ ತಡೆಯಲ್ಲ. ತೆಳು ನೈಟ್ರೈಲ್ ಅಲ್ಲಿ ಹನಿ ಸಿಡಿತಕ್ಕೆ ಮಾತ್ರ. ಹನಿ ಬಿದ್ದ ತಕ್ಷಣ ತೆಗೆದು ಬೇರೆ ಹಾಕಿಕೊಳ್ಳಬೇಕು. ಎಪಾಕ್ಸಿ ಮತ್ತು ಅಕ್ರಿಲೇಟ್ ಅಂಟುಗಳಿಗೆ ಪದರಪದರವಾದ ಪ್ಲಾಸ್ಟಿಕ್ ಲ್ಯಾಮಿನೇಟ್ ಗ್ಲೌಸ್ ಬರುತ್ತೆ. ಅದು ಕೈಗೆ ಸರಿಯಾಗಿ ಕೂರಲ್ಲ, ಹಾಗಾಗಿ ಒಳಗೆ ಅದು, ಮೇಲೆ ನೈಟ್ರೈಲ್ ಹಾಕಿಕೊಳ್ಳೋದು ರೂಢಿ.

ಪ್ಯಾಕೆಟ್ ಮೇಲೆ ನೋಡಬೇಕಾದದ್ದು ಇಎನ್ ಐಎಸ್‌ಒ 374-1 ಅನ್ನುವ ಗುರುತು, ರಾಸಾಯನಿಕ ತಡೆಯುವ ಗ್ಲೌಸ್‌ಗಳ ಮಾನದಂಡ ಅದು. ಟೈಪ್ ಎ ಅಂದರೆ ಆ ಮಾನದಂಡದ ಪಟ್ಟಿಯಲ್ಲಿರುವ ಕನಿಷ್ಠ 6 ರಾಸಾಯನಿಕಗಳನ್ನು 30 ನಿಮಿಷ ತಡೆಯುತ್ತೆ. ಟೈಪ್ ಬಿ 3 ರಾಸಾಯನಿಕಗಳನ್ನು 30 ನಿಮಿಷ. ಟೈಪ್ ಸಿ ಒಂದೇ ರಾಸಾಯನಿಕವನ್ನು 10 ನಿಮಿಷ. ಗುರುತಿನ ಕೆಳಗಿನ ಅಕ್ಷರಗಳು ಬೇರೆ, ಅವು ಯಾವ ರಾಸಾಯನಿಕ ಅಂತ ಹೇಳುತ್ತವೆ: ಎ ಮೆಥನಾಲ್, ಬಿ ಅಸಿಟೋನ್, ಎಫ್ ಟಾಲ್ಯುಯಿನ್, ಕೆ 40 ಶೇಕಡಾ ಕಾಸ್ಟಿಕ್ ಸೋಡಾ, ಎಲ್ 96 ಶೇಕಡಾ ಸಲ್ಫ್ಯೂರಿಕ್ ಆಸಿಡ್, ಪಿ 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ನಿಮ್ಮ ರಾಸಾಯನಿಕದ ಅಕ್ಷರ ಅಲ್ಲಿ ಇಲ್ಲದಿದ್ದರೆ ತಯಾರಕರ ಪಟ್ಟಿ ನೋಡದೆ ನಂಬಬೇಡಿ. ಈ ನಿಮಿಷಗಳೂ ಪ್ರಯೋಗಾಲಯದ ಲೆಕ್ಕ. ಕೈ ಬಿಸಿ, ಎಳೆತ, ಮಡಿಕೆ ಸೇರಿದರೆ ನಿಜವಾದ ಸಮಯ ಕಡಿಮೆ.

ಕತ್ತರಿ_ಬಾಚಣಿಗೆ

ಸಲೂನ್ ಕೆಲಸದವರಿಗೆ ಎರಡು ಮಾತು. ಗ್ಲೌಸ್ ಬಣ್ಣ ಹಚ್ಚುವಾಗ ಮಾತ್ರ ಸಾಲದು, ಬಣ್ಣ ತೊಳೆಯುವಾಗಲೂ ಬೇಕು, ಬರೀ ಶಾಂಪೂ ಮಾಡುವಾಗಲೂ ಬೇಕು. ಶಾಂಪೂ ಒದ್ದೆಯೇ ಚರ್ಮವನ್ನು ಮೊದಲು ಒಡೆಯೋದು. ಒಡೆದ ಚರ್ಮದೊಳಗೆ ಬಣ್ಣದಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ, ಬ್ಲೀಚ್ ಪುಡಿಯಲ್ಲಿರುವ ಪರ್‌ಸಲ್ಫೇಟ್ ಇಳಿದು ಅಲರ್ಜಿ ಹುಟ್ಟುವ ಸಾಧ್ಯತೆ ಹೆಚ್ಚು. ಕೂದಲು ಕತ್ತರಿಸೋದು ಇದ್ದರೆ ಬಣ್ಣಕ್ಕಿಂತ ಮೊದಲೇ ಕತ್ತರಿಸಿ, ಹೊಸ ಬಣ್ಣದ ಕೂದಲನ್ನು ಬರಿಗೈಯಲ್ಲಿ ಹಿಡಿಯೋದು ತಪ್ಪುತ್ತೆ. ಬಳಸಿದ ಗ್ಲೌಸನ್ನು ತಿರುವಿ ಹಾಕಿ ಮತ್ತೆ ತೊಡೋದು ಬೇಡವೇ ಬೇಡ. ಹೊರಗಿದ್ದ ಬಣ್ಣ ಆಗ ಚರ್ಮಕ್ಕೆ ಅಂಟಿಕೊಂಡು ಕೂರುತ್ತೆ, ಬರಿಗೈಯೇ ವಾಸಿ ಅನ್ನೋ ಹಾಗೆ.

ಮನೆವಾರ್ತೆ

ಪಾತ್ರೆ ಬಟ್ಟೆಗೆ ಯಾವ ಗ್ಲೌಸ್ ಹಾಕಬೇಕು? ಗ್ಲೌಸ್ ಹಾಕಿದರೇ ಕೈ ಇನ್ನೂ ಹಾಳಾಗುತ್ತೆ ಅಂತ ಬಹಳ ಜನ ಹೇಳ್ತಾರೆ.

ಚರ್ಮವೈದ್ಯೆ

ಆ ಮಾತಿನಲ್ಲಿ ನಿಜ ಇದೆ, ಅದಕ್ಕೆ ಕಾರಣಗಳೂ ಇವೆ. ಗ್ಲೌಸ್ ಒಳಗೆ ಬೆವರು ಕೂಡಿದರೆ ಚರ್ಮ ನೀರಲ್ಲಿ ನೆನೆದ ಹಾಗೇ ನೆನೆಯುತ್ತದೆ. ಒದ್ದೆ ಕೈಗೆ, ಅಥವಾ ಸೋಪು ಉಳಿದ ಕೈಗೆ ಗ್ಲೌಸ್ ಹಾಕಿದರೆ ಆ ಸೋಪನ್ನು ಚರ್ಮದ ಮೇಲೆ ಕಟ್ಟಿಹಾಕಿದಂತೆ. ಮಣಿಕಟ್ಟಿನಿಂದ ನೀರು ಒಳಗೆ ಇಳಿದರೂ ಅದೇ ಕಥೆ.

ಮನೆ ಕೆಲಸಕ್ಕೆ ಒಮ್ಮೆ ಬಳಸುವ ತೆಳು ಗ್ಲೌಸ್ ಬೇಡ. ಮುಂಗೈ ಅರ್ಧದವರೆಗೆ ಬರುವ, ಸ್ವಲ್ಪ ಸಡಿಲವಾದ ಪಿವಿಸಿ ಅಥವಾ ನೈಟ್ರೈಲ್ ಗ್ಲೌಸ್ ತೆಗೆದುಕೊಳ್ಳಿ. ಒಳಗೆ ತೆಳುವಾದ ಹತ್ತಿಯ ಗ್ಲೌಸ್, ಕೆಲವು ಜೊತೆ ಇಟ್ಟುಕೊಂಡು ತೇವವಾದ ತಕ್ಷಣ ಬದಲಿಸಿ, ದಿನವೂ ಒಗೆಯಿರಿ. ಕೈ ತೊಳೆದು, ಬೆರಳ ಸಂದುಗಳನ್ನೂ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ತುದಿಯನ್ನು ಒಂದೆರಡು ಅಂಗುಲ ಹೊರಕ್ಕೆ ಮಡಚಿ, ಕೈ ಮೇಲೆತ್ತಿದಾಗ ಇಳಿಯುವ ನೀರು ಆ ಮಡಿಕೆಯಲ್ಲೇ ನಿಲ್ಲುತ್ತದೆ. ಹತ್ತಿಯ ಒಳಗ್ಲೌಸ್ ಇಲ್ಲದಿದ್ದರೆ 15-20 ನಿಮಿಷಕ್ಕಿಂತ ಹೆಚ್ಚು ಹಾಕಿಕೊಳ್ಳಬೇಡಿ. ಒಳಗೆ ನೀರು ಹೋಯಿತು ಅನಿಸಿದರೆ "ಇನ್ನೆರಡು ಪಾತ್ರೆ ಅಷ್ಟೇ" ಅನ್ನದೆ ತೆಗೆದುಬಿಡಿ.

ಕೆಲಸ ಮುಗಿದ ಮೇಲೆ ಗ್ಲೌಸ್ ಕೈಯಲ್ಲಿರುವಾಗಲೇ ಹೊರಮೈ ತೊಳೆದು, ತೆಗೆದು, ಒಳಮೈ ಹೊರಗೆ ಬರುವಂತೆ ತಿರುವಿ ನೆರಳಲ್ಲಿ ತೂಗುಹಾಕಿ. ತೂತು ನೋಡಲು: ಬಾಯಿ ಹಿಡಿದು ಗಾಳಿ ತುಂಬಿಸಿ, ಸುರುಳಿ ಸುತ್ತಿ ಒತ್ತಿ, ನೀರಲ್ಲಿ ಅದ್ದಿ. ಗುಳ್ಳೆ ಬಂದರೆ ಬಿಸಾಡಿ. ಬೆರಳ ಸಂದು ಮತ್ತು ಉಗುರು ತಾಗುವ ತುದಿಯಲ್ಲೇ ಸಾಮಾನ್ಯವಾಗಿ ಮೊದಲು ತೂತಾಗೋದು.

ಉಂಗುರ ತೆಗೆದಿಡಿ. ಅದರ ಕೆಳಗೆ ಸೋಪು ನೀರು ನಿಂತುಬಿಡುತ್ತದೆ, ಬಹಳ ಜನರಲ್ಲಿ ತೊಂದರೆ ಶುರುವಾಗುವುದೇ ಅಲ್ಲಿಂದ. ಅದನ್ನು ಲೋಹದ ಅಲರ್ಜಿ ಅಂತ ತಪ್ಪು ತಿಳಿಯುವವರೂ ಉಂಟು.

ಲ್ಯಾಬ್_ಕೋಟು

ಒಂದು ಸೇರಿಸ್ತೀನಿ. ರಬ್ಬರ್ ಗ್ಲೌಸ್‌ಗೇ ಅಲರ್ಜಿ ಆಗೋದುಂಟು. ಲ್ಯಾಟೆಕ್ಸ್ ಪ್ರೋಟೀನ್‌ಗೆ ಆದರೆ ನಿಮಿಷಗಳಲ್ಲೇ ದದ್ದು, ತುರಿಕೆ, ಕೆಲವರಿಗೆ ಉಸಿರಾಟದ ತೊಂದರೆ. ರಬ್ಬರ್ ಗಟ್ಟಿಯಾಗಲು ಬೆರೆಸುವ ಥೈಯುರಾಮ್, ಕಾರ್ಬಮೇಟ್ ಥರದ ವೇಗವರ್ಧಕಗಳಿಗೆ ಆದರೆ ಒಂದೆರಡು ದಿನ ತಡವಾಗಿ, ಕೈ ಹಿಂಭಾಗದಲ್ಲಿ, ಮಣಿಕಟ್ಟಿನಲ್ಲಿ ಗ್ಲೌಸ್ ಮುಗಿಯುವ ಗೆರೆಯವರೆಗೆ ಎಸ್ಜಿಮಾ, ಅಂದರೆ ತುರಿಸುವ ಚರ್ಮದ ಉರಿಯೂತ. ನೈಟ್ರೈಲ್‌ನಲ್ಲೂ ಈ ವೇಗವರ್ಧಕಗಳು ಇರುತ್ತವೆ, ಅವಿಲ್ಲದ ನೈಟ್ರೈಲ್ ಪ್ರತ್ಯೇಕವಾಗಿ ಸಿಗುತ್ತೆ. ಪೌಡರ್ ಹಾಕಿದ ಗ್ಲೌಸ್ ತೊಡಲೇಬೇಡಿ. ಪೌಡರ್ ಚರ್ಮವನ್ನು ಒಣಗಿಸುತ್ತೆ, ಲ್ಯಾಟೆಕ್ಸ್ ಪ್ರೋಟೀನನ್ನು ಗಾಳಿಗೆ ಹಾರಿಸುತ್ತೆ. ಅಮೆರಿಕದಲ್ಲಿ ವೈದ್ಯಕೀಯ ಬಳಕೆಯ ಪೌಡರ್ ಗ್ಲೌಸ್‌ಗಳಿಗೆ 2017ರ ಜನವರಿಯಿಂದಲೇ ನಿಷೇಧ ಇದೆ.

ನೀರುಕೈ

ಬಹಳ ಉಪಯೋಗ ಆಯ್ತು. ಕ್ರೀಂ ವಿಷಯ? ಲೋಷನ್ ಹಚ್ಚಿದರೆ ಹತ್ತು ನಿಮಿಷಕ್ಕೆ ಮತ್ತೆ ಒಣಗುತ್ತೆ.

ಚರ್ಮವೈದ್ಯೆ

ಲೋಷನ್‌ನಲ್ಲಿ ನೀರೇ ಹೆಚ್ಚು, ಅದಕ್ಕೇ. ಜಿಡ್ಡು ಹೆಚ್ಚಿದ್ದಷ್ಟೂ ರಕ್ಷಣೆ ಹೆಚ್ಚು: ಮುಲಾಮು ಮೊದಲು, ಆಮೇಲೆ ಕ್ರೀಂ, ಕೊನೆಗೆ ಲೋಷನ್. ಹಗಲು ಕೆಲಸದ ನಡುವೆ ಜಾರದಂಥ ಕ್ರೀಂ, ರಾತ್ರಿ ಪೆಟ್ರೋಲಿಯಂ ಜೆಲ್ಲಿಯಂಥ ದಪ್ಪ ಮುಲಾಮು. ಸುವಾಸನೆ ಇಲ್ಲದ್ದನ್ನೇ ಆರಿಸಿ. ಗ್ಲಿಸರಿನ್ ಇದ್ದರೆ ಒಳ್ಳೆಯದು. ಯೂರಿಯಾ 5ರಿಂದ 10 ಶೇಕಡಾ ಒರಟು ಚರ್ಮಕ್ಕೆ ಒಳ್ಳೆಯದು, ಆದರೆ ಸೀಳಿದ್ದಾಗ ಉರಿಯುತ್ತದೆ. ಸೀಳು ಕೂಡಿಕೊಂಡ ಮೇಲೆ ಶುರುಮಾಡಿ.

ಪ್ರಮಾಣಕ್ಕೆ ಸುಲಭ ಅಳತೆ ಇದೆ. ಟ್ಯೂಬಿನಿಂದ ತೋರುಬೆರಳ ತುದಿಯಿಂದ ಮೊದಲ ಮಡಿಕೆಯವರೆಗೆ ಎಳೆದ ಒಂದು ಗೆರೆ, ಸುಮಾರು ಅರ್ಧ ಗ್ರಾಂ. ವಯಸ್ಕರ ಒಂದು ಕೈಯ ಎರಡೂ ಮೈಗೆ ಅದು ಸಾಕು. ಎರಡು ಕೈಗೆ ಎರಡು ಗೆರೆ, ಒಂದು ಗ್ರಾಂ. ದಿನಕ್ಕೆ ಆರು ಸಲ ಹಚ್ಚಿದರೆ 6 ಗ್ರಾಂ, 50 ಗ್ರಾಂ ಟ್ಯೂಬು ಎಂಟು ದಿನಕ್ಕೆ ಖಾಲಿಯಾಗಬೇಕು. ಒಂದು ಟ್ಯೂಬು ಮೂರು ತಿಂಗಳು ಬಂತು ಅಂದರೆ ಹಚ್ಚಿದ್ದು ಸಾಲದು ಅಂತಲೇ ಅರ್ಥ.

ಹಚ್ಚುವ ಕ್ರಮ: ಕೈ ಒರೆಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಒಂದು ಕೈ ಹಿಂಭಾಗದಲ್ಲಿ ಹಾಕಿಕೊಂಡು ಇನ್ನೊಂದು ಕೈ ಹಿಂಭಾಗದಿಂದ ಉಜ್ಜಿ. ಆಮೇಲೆ ಬೆರಳ ಸಂದು, ಹೆಬ್ಬೆರಳ ಬುಡ, ಉಗುರಿನ ಸುತ್ತ, ಮಣಿಕಟ್ಟು. ಅಂಗೈ ಕೊನೆಗೆ. ಬಹುತೇಕರು ಅಂಗೈಗೇ ಹಾಕಿ ತಿಕ್ಕುತ್ತಾರೆ, ಕ್ರೀಂ ಎಲ್ಲ ದಪ್ಪ ಚರ್ಮದಲ್ಲೇ ಉಳಿಯುತ್ತದೆ, ಹಾಳಾಗಿರುವ ಸಂದುಗಳಿಗೆ ತಲುಪುವುದೇ ಇಲ್ಲ. ಸೀಳಿರುವ ಬೆರಳಿಗೆ ರಾತ್ರಿ ದಪ್ಪಗೆ ಮುಲಾಮು ಹಚ್ಚಿ, ಮೇಲೆ ಹತ್ತಿಯ ಗ್ಲೌಸ್ ಹಾಕಿ ಮಲಗಿ.

ಇನ್ನೊಂದು ವಿಷಯ ಎಲ್ಲರೂ ಗಮನಿಸಿ. ಕೆಂಪು ಇಳಿದು ಚರ್ಮ ನೋಡಲು ಸರಿಹೋದರೂ ತಡೆಗೋಡೆ ಮೊದಲಿನ ಸ್ಥಿತಿಗೆ ಬರಲು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. "ವಾಸಿಯಾಯ್ತು" ಅಂತ ಕ್ರೀಂ, ಗ್ಲೌಸ್ ಎರಡನ್ನೂ ಬಿಟ್ಟವರಿಗೆ ತೊಂದರೆ ಮರುಕಳಿಸುವುದು ಇದಕ್ಕೇ.

ಗಾರೆ_ಕರಣೆ

ಕಟ್ಟಡ ಕೆಲಸದ ಕಡೆಯಿಂದ. ಹಸಿ ಸಿಮೆಂಟಿನ ಪಿಎಚ್ 12ರಿಂದ 13, ಅಂದರೆ ಕಾಸ್ಟಿಕ್‌ಗೆ ಹತ್ತಿರ. ತಾಗಿದ ತಕ್ಷಣ ಉರಿಯಲ್ಲ, ಅದೇ ಮೋಸ. ಮಂಡಿಯೂರಿ ಕಾಂಕ್ರೀಟು ಮಟ್ಟ ಮಾಡುವವರ ಪ್ಯಾಂಟು ನೆನೆಯುತ್ತೆ, ಬೂಟಿನ ಬಾಯಿಂದ ಒಳಗೆ ಇಳಿಯುತ್ತೆ. ಗಂಟೆಗಳಾದ ಮೇಲೆ ನೋವು ಶುರುವಾಗುವಷ್ಟರಲ್ಲಿ ಚರ್ಮ ಆಳಕ್ಕೆ ಸುಟ್ಟಿರುತ್ತೆ. ನೀರು ಹೀರದ ಮಂಡಿಗಾಪು, ಎತ್ತರದ ರಬ್ಬರ್ ಬೂಟು, ಪ್ಯಾಂಟು ಬೂಟಿನ ಹೊರಗೆ ಇಳಿಬಿಟ್ಟಿರಬೇಕು. ಒಳಗೆ ತುರುಕಿದರೆ ಬೂಟೇ ಗಾರೆಯ ಬಕೆಟ್ಟಾಗುತ್ತೆ. ಗ್ಲೌಸ್ ನೈಟ್ರೈಲ್ ಲೇಪನ ಪೂರ್ತಿ ಇರುವಂಥದ್ದು. ಬರೀ ಅಂಗೈಗೆ ಲೇಪನ ಇರೋದು, ಚರ್ಮದ್ದು, ಬಟ್ಟೆಯದ್ದು ಒದ್ದೆ ಸಿಮೆಂಟಿಗೆ ಬೇಡ. ಅವು ಹೀರಿಕೊಂಡು ಕೈಗೆ ಪಟ್ಟಿ ಹಾಕಿದ ಹಾಗೆ ಹಿಡಿದಿಡುತ್ತವೆ.

ನೆನೆದ ಬಟ್ಟೆ ಕೂಡಲೇ ಬಿಚ್ಚಿ, ಹರಿಯುವ ನೀರಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಕೈ ತೊಳೆಯುವ ನೀರು ಕರಣೆ ತೊಳೆದ ಬಕೆಟ್ಟಿನದ್ದು ಆಗಬಾರದು, ಅದೂ ಸಿಮೆಂಟಿನ ನೀರೇ.

ಸಿಮೆಂಟಿನಲ್ಲಿ ಇನ್ನೊಂದು ತೊಂದರೆ ಕ್ರೋಮಿಯಂ 6, ಕ್ರೋಮಿಯಂ ಲೋಹದ ಒಂದು ರೂಪ. ಅದಕ್ಕೆ ಅಲರ್ಜಿ ಹುಟ್ಟಿದರೆ ಜೀವನಪೂರ್ತಿ ಬಿಡದೇ ಇರಬಹುದು. ಯುರೋಪಿಯನ್ ಒಕ್ಕೂಟ 2005ರಿಂದ ಕರಗುವ ಕ್ರೋಮಿಯಂ 6 ಹತ್ತು ಲಕ್ಷಕ್ಕೆ 2 ಭಾಗ ಮೀರಬಾರದು ಅಂತ ಮಿತಿ ಹಾಕಿದೆ. ಅದನ್ನ ಇಳಿಸಲು ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸುತ್ತಾರೆ. ತೇವ ತಾಗಿದರೆ, ಬಹಳ ದಿನ ಇಟ್ಟರೆ ಆ ಗುಣ ಕುಗ್ಗುತ್ತೆ. ಹಾಗೆ ಬೆರೆಸಿದ ಸಿಮೆಂಟಾದರೆ ಚೀಲದ ಮೇಲಿನ ಅವಧಿ ನೋಡೋದು ಗಟ್ಟಿತನಕ್ಕೆ ಮಾತ್ರ ಅಲ್ಲ, ಚರ್ಮಕ್ಕೂ.

ಲೇತ್_ಯಂತ್ರ

ವರ್ಕ್‌ಶಾಪಿನಲ್ಲಿ ಗ್ರೀಸು ಹೋಗಲಿ ಅಂತ ಪೆಟ್ರೋಲು, ಸೀಮೆಎಣ್ಣೆ, ಥಿನ್ನರಲ್ಲಿ ಕೈ ತೊಳೆಯೋದು ಎಲ್ಲ ಕಡೆ ಇದೆ. ಗ್ರೀಸಿನ ಜೊತೆ ಚರ್ಮದ ಕೊಬ್ಬೂ ಹೋಗುತ್ತೆ, ಕೈ ಬೆಳ್ಳಗೆ ಸುಣ್ಣ ಹಚ್ಚಿದ ಹಾಗೆ ಆಗೋದು ಅದಕ್ಕೆ. ಬದಲಿಗೆ: ಒಣ ಕೈಗೆ ಯಾವುದಾದರೂ ಅಡುಗೆ ಎಣ್ಣೆ ಒಂದು ಚಮಚ ಹಾಕಿ ಅರ್ಧ ನಿಮಿಷ ತಿಕ್ಕಿ, ಗ್ರೀಸು ಎಣ್ಣೆಗೆ ಬಿಟ್ಟುಕೊಳ್ಳುತ್ತೆ. ಸ್ವಚ್ಛ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮೆದು ಸೋಪು. ನೀರು ಮೊದಲು ತಾಗಿಸಿದರೆ ಇದು ಕೆಲಸ ಮಾಡಲ್ಲ. ಮರಳು, ಸೋಪಿನ ಪುಡಿ, ತಂತಿ ಬ್ರಷ್ ಬೇಡ. ಒರೆಸುವ ಚಿಂದಿ ಬಟ್ಟೆಯಲ್ಲಿ ಲೋಹದ ಚೂರಿದ್ದರೆ ಚರ್ಮ ಗೀರುತ್ತೆ, ಆ ಗೀರಿಗೆ ಕೂಲಂಟ್ (ಲೋಹ ಕತ್ತರಿಸುವಾಗ ತಣ್ಣಗಿಡಲು ಸುರಿಯುವ ದ್ರವ) ಇಳಿಯುತ್ತೆ. ಅಂಥ ಬಟ್ಟೆ ಜೇಬಿನಲ್ಲಿ ಇಟ್ಟುಕೊಂಡರೆ ತೊಡೆಯ ಮೇಲೂ ಗುಳ್ಳೆ ಏಳುತ್ತೆ.

ನೀರು ಬೆರೆಸುವ ಕೂಲಂಟ್ ಸಾಮಾನ್ಯವಾಗಿ 5ರಿಂದ 10 ಶೇಕಡಾ, ಪಿಎಚ್ 8.5ರಿಂದ 9.5. ತೊಟ್ಟಿಯಿಂದ ನೀರು ಆವಿಯಾಗಿ ದಿನದಿನಕ್ಕೆ ಗಟ್ಟಿಯಾಗುತ್ತೆ. ವಾರಕ್ಕೊಮ್ಮೆಯಾದರೂ ರಿಫ್ರ್ಯಾಕ್ಟೋಮೀಟರಿನಲ್ಲಿ (ದ್ರವ ಎಷ್ಟು ಗಟ್ಟಿ ಅಂತ ತೋರಿಸುವ ಉಪಕರಣ) ನೋಡಿ, ಕಂಡ ಅಂಕಿಯನ್ನ ತಯಾರಕರು ಕೊಟ್ಟ ಗುಣಾಂಕದಿಂದ ಗುಣಿಸಿ. ಕಡಿಮೆ ಬಿದ್ದಾಗ ಬರೀ ಮೂಲ ಎಣ್ಣೆ ಸುರಿಯಬೇಡಿ, ತೆಳುವಾಗಿ ಬೆರೆಸಿದ್ದನ್ನೇ ಹಾಕಿ. ವಾಸನೆ ಬಂತು ಅಂತ ಕೈಗೆ ಬಂದಷ್ಟು ಬಯೋಸೈಡ್ (ಸೂಕ್ಷ್ಮಾಣು ಕೊಲ್ಲುವ ರಾಸಾಯನಿಕ) ಸುರಿಯೋದು ಚರ್ಮಕ್ಕೆ ಇನ್ನೊಂದು ಹೊಡೆತ. ತಿರುಗುವ ಡ್ರಿಲ್ಲು, ಲೇತು ಹತ್ತಿರ ಮಾತ್ರ ಗ್ಲೌಸ್ ಹಾಕಲೇಬಾರದು, ಕೈ ಎಳೆದುಕೊಂಡುಬಿಡುತ್ತೆ. ಅಲ್ಲಿ ಸಿಡಿತದ ತಡೆಗಾಪು, ಚೂರು ಎಳೆಯಲು ಕೊಕ್ಕೆ.

ಮನೆವಾರ್ತೆ

ಕೈಗೆ "ಬ್ಯಾರಿಯರ್ ಕ್ರೀಂ" ಹಚ್ಚಿಕೊಂಡರೆ ಗ್ಲೌಸ್ ಬೇಡ ಅಂತ ಡಬ್ಬಿ ಮೇಲೆ ಬರೆದಿರುತ್ತಾರಲ್ಲ, "ಕಾಣದ ಗ್ಲೌಸ್" ಅಂತ?

ಸುರಕ್ಷತಾ_ಅಧಿಕಾರಿ

ಆ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಹಚ್ಚುವಾಗ ಎಲ್ಲೋ ಒಂದು ಕಡೆ ಬಿಟ್ಟುಹೋಗುತ್ತದೆ, ಉಜ್ಜಿದಾಗ ಅಳಿಸಿಹೋಗುತ್ತದೆ, ಯಾವಾಗ ಅಳಿಸಿತು ಅಂತ ಗೊತ್ತಾಗುವುದಿಲ್ಲ. ಅದರಿಂದ ಇರುವ ನಿಜವಾದ ಲಾಭ, ಕೊಳೆ ಅಂಟದೆ ಕೈ ತೊಳೆಯುವುದು ಸುಲಭವಾಗುತ್ತದೆ, ಕಟುವಾದ ಕ್ಲೀನರ್ ಬೇಕಾಗುವುದಿಲ್ಲ. ಅಷ್ಟಕ್ಕೆ ಬಳಸಿ. ದ್ರಾವಕ, ಆಸಿಡ್, ಎಪಾಕ್ಸಿಗೆ ಅದನ್ನು ನೆಚ್ಚಬೇಡಿ. ಲ್ಯಾಟೆಕ್ಸ್ ಗ್ಲೌಸ್ ಒಳಗೆ ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ಇರುವುದನ್ನು ಹಚ್ಚಿದರೆ ರಬ್ಬರ್ ಸಡಿಲವಾಗಿ ಹರಿಯುತ್ತದೆ.

ದಾದಿ_ಪಾಳಿ

ಆಸ್ಪತ್ರೆ ಕೆಲಸದವರಿಗೆ: ಕೈಗೆ ಕೊಳೆ ಕಾಣದಿದ್ದಾಗ ಸೋಪಿನ ಬದಲು ಆಲ್ಕೋಹಾಲ್ ಹ್ಯಾಂಡ್‌ರಬ್ ಬಳಸಿ. ಚರ್ಮಕ್ಕೆ ಅದೇ ಕಡಿಮೆ ಹಾನಿ ಅಂದರೆ ಬಹಳ ಜನ ನಂಬಲ್ಲ, ಯಾಕೆಂದರೆ ಸೀಳಿದ ಕೈಗೆ ಅದು ಉರಿಯುತ್ತೆ. ಉರಿ ಬರೋದು ಚರ್ಮ ಮೊದಲೇ ಒಡೆದಿರೋದರಿಂದ. ಜನ ಉರಿಗೆ ಹೆದರಿ ಸೋಪಿಗೆ ಹೋಗ್ತಾರೆ, ಚರ್ಮ ಇನ್ನೂ ಒಡೆಯುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ 80 ಶೇಕಡಾ ಎಥನಾಲ್ ಜೊತೆ 1.45 ಶೇಕಡಾ ಗ್ಲಿಸರಿನ್ ಇರೋದು ಚರ್ಮದ ಸಲುವಾಗಿಯೇ. ಸೋಪಲ್ಲಿ ತೊಳೆದು ತಕ್ಷಣ ಹ್ಯಾಂಡ್‌ರಬ್ ಕೂಡ ಹಚ್ಚೋ ಅಭ್ಯಾಸ ಬಿಡಿ. ಕೈ ಕೊಳೆಯಾದಾಗ, ವಾಂತಿಭೇದಿ ತರುವ ನೋರೋವೈರಸ್, ಸಿ. ಡಿಫಿಸಿಲ್ ಬ್ಯಾಕ್ಟೀರಿಯಾದ ಬೀಜಾಣು ಇರುವಲ್ಲಿ ಮಾತ್ರ ಸೋಪು ನೀರೇ ಬೇಕು. ತೊಳೆಯುವಾಗ ಮೊದಲು ಕೈ ಒದ್ದೆ ಮಾಡಿ ಆಮೇಲೆ ಸೋಪು ಹಾಕಿ. ಒಣ ಕೈಗೆ ಗಟ್ಟಿ ಸೋಪು ನೇರ ತಾಗಬಾರದು. ಟವೆಲಿನಲ್ಲಿ ಉಜ್ಜದೆ ಒತ್ತಿ ಒರೆಸಿ.

ಮರದಪುಡಿ

ಗ್ಲಾಸ್‌ವೂಲ್ ಕೆಲಸಕ್ಕೆ ಏನು ಮಾಡೋದು? ನವೆ ತಡೆಯಕ್ಕಾಗಲ್ಲ.

ಸುರಕ್ಷತಾ_ಅಧಿಕಾರಿ

ಅಲ್ಲಿ ತೊಂದರೆ ಗಾಜಿನ ಎಳೆಗಳು ಚುಚ್ಚುವುದರಿಂದ, ರಾಸಾಯನಿಕದಿಂದ ಅಲ್ಲ. ಕೆರೆಯಬೇಡಿ, ಉಜ್ಜಬೇಡಿ, ಇನ್ನೂ ಒಳಗೆ ಹೋಗುತ್ತವೆ. ಅಂಟುಪಟ್ಟಿ ಒತ್ತಿ ಎತ್ತಿ, ಆಮೇಲೆ ಹರಿಯುವ ನೀರಲ್ಲಿ ಮೆದು ಸೋಪಿನಿಂದ ತೊಳೆಯಿರಿ. ಕೆಲಸದಲ್ಲಿ ಸಡಿಲವಾದ ಪೂರ್ತಿ ತೋಳಿನ ಬಟ್ಟೆ, ಕುತ್ತಿಗೆ ಮುಚ್ಚಿರಲಿ. ಬಿಗಿ ಬಟ್ಟೆ ಎಳೆಗಳನ್ನು ಚರ್ಮಕ್ಕೆ ಒತ್ತುತ್ತದೆ. ಆ ಬಟ್ಟೆ ಮನೆಯವರ ಬಟ್ಟೆ ಜೊತೆ ಒಗೆಯಬೇಡಿ. ಬಟ್ಟೆಯ ಮೇಲೆ ಏರ್ ಹೋಸ್ ಹೊಡೆಯೋದೂ ಬೇಡ.

ಮನೆವಾರ್ತೆ

ರಾಸಾಯನಿಕ ಬೇಡ ಅಂತ ನಿಂಬೆರಸ, ಅಡುಗೆ ಸೋಡಾದಲ್ಲಿ ಕೈ ಉಜ್ಜುವವರಿಗೆ ಏನು ಹೇಳ್ತೀರಿ?

ಚರ್ಮವೈದ್ಯೆ

ಎರಡೂ ಬೇಡ. ನಿಂಬೆರಸದ ಪಿಎಚ್ ಸುಮಾರು 2, ಸೋಡಾ ಕ್ಷಾರ. ಪಾತ್ರೆಗೆ ಸರಿ, ಕೈಗಲ್ಲ. ನಿಂಬೆ ಜಾತಿಯ ಹಣ್ಣಿನ ರಸ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಬೊಬ್ಬೆ ಏಳಬಹುದು, ಆಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಗಿಡದಿಂದ ಬಂದದ್ದು ಅನ್ನುವ ಕಾರಣಕ್ಕೆ ಚರ್ಮ ರಿಯಾಯಿತಿ ಕೊಡುವುದಿಲ್ಲ.

ಲ್ಯಾಬ್_ಕೋಟು

ಲೇಬಲ್ ಓದೋದು ಅಭ್ಯಾಸ ಮಾಡಿಕೊಳ್ಳಿ. ಕೆಂಪು ಚೌಕದೊಳಗೆ ಕೈ ಮೇಲೆ ದ್ರವ ಸುರಿಯುವ ಚಿತ್ರ ಇದ್ದರೆ ಸುಡುವಂಥದ್ದು ಇರಬಹುದು, ಆಶ್ಚರ್ಯ ಚಿಹ್ನೆ ಇದ್ದರೆ ಕೆರಳಿಸುವಂಥದ್ದು. ಅಪಾಯದ ಸಂಕೇತಗಳೂ ಇರುತ್ತವೆ: ಎಚ್314 ಅಂದರೆ ಚರ್ಮ ಸುಡುತ್ತೆ, ಎಚ್315 ಕೆರಳಿಸುತ್ತೆ, ಎಚ್317 ಅಲರ್ಜಿ ತರಬಹುದು. ಕೆಲಸದ ಜಾಗದ ರಾಸಾಯನಿಕಕ್ಕೆ ಸುರಕ್ಷತಾ ಮಾಹಿತಿ ಪತ್ರ ಕೇಳಿ ಪಡೆಯಿರಿ. 4ನೇ ಭಾಗದಲ್ಲಿ ಪ್ರಥಮ ಚಿಕಿತ್ಸೆ, 8ನೇ ಭಾಗದಲ್ಲಿ ಯಾವ ಗ್ಲೌಸ್ ಅಂತ ಇರುತ್ತೆ. ಅಲ್ಲಿ ಬರೀ "ಸೂಕ್ತ ಗ್ಲೌಸ್" ಅಂತ ಬರೆದಿದ್ದರೆ ಬಿಡಬೇಡಿ, ಯಾವ ವಸ್ತುವಿನದು, ಎಷ್ಟು ದಪ್ಪ, ಎಷ್ಟು ನಿಮಿಷ ಅಂತ ಪೂರೈಕೆದಾರರನ್ನ ಕೇಳಿ.

ಕಾಸ್ಟಿಕ್ ಸೋಡಾ ಪುಡಿ ಬಿದ್ದರೆ ಮೊದಲು ಒಣಗಿರುವಾಗಲೇ ಕೊಡವಿ, ಆಮೇಲೆ ಧಾರಾಳ ನೀರು. ಆಸಿಡ್‌ಗೆ ಸೋಡಾ, ಸೋಡಾಗೆ ವಿನೆಗರ್ ಅಂತ ಚರ್ಮದ ಮೇಲೆ ಪ್ರಯೋಗ ಮಾಡಬೇಡಿ, ಆ ಕ್ರಿಯೆಯ ಬಿಸಿಯೇ ಸುಡುತ್ತೆ.

ತುಕ್ಕು ತೆಗೆಯುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತೆ. ಇದನ್ನ ಬೇರೆ ಆಸಿಡ್ ಥರ ನೋಡಬೇಡಿ. ತೆಳುವಾದದ್ದು ತಾಗಿದರೆ ಗಂಟೆಗಟ್ಟಲೆ ನೋವೇ ಬರದೆ ಒಳಗೆ ಇಳಿದು ದೇಹದ ಕ್ಯಾಲ್ಸಿಯಂ ಕಟ್ಟಿಹಾಕುತ್ತೆ. ಕೂಡಲೇ ನೀರಲ್ಲಿ ತೊಳೆದು, 2.5 ಶೇಕಡಾ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚುತ್ತಾ ಆಸ್ಪತ್ರೆಗೆ ಹೋಗಬೇಕು, ನೋವಿಲ್ಲದಿದ್ದರೂ. ಆ ಜೆಲ್ ಹತ್ತಿರ ಇಲ್ಲದ ಜಾಗದಲ್ಲಿ ಆ ದ್ರವವನ್ನ ತೆರೆಯಲೇಬಾರದು.

ನೀರುಕೈ

ಕೆರಳಿಕೆಯೋ ಅಲರ್ಜಿಯೋ ಅಂತ ಗುರುತಿಸೋದು ಹೇಗೆ? ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ಚರ್ಮವೈದ್ಯೆ

ಕೆರಳಿಕೆಯಲ್ಲಿ ಉರಿ, ಬಿಗಿತ, ಒಣಗುವಿಕೆ ಮುಂದೆ. ತಾಗಿದ ಜಾಗದಲ್ಲೇ ಇರುತ್ತದೆ, ತಾಗಿದ ಪ್ರಮಾಣಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ. ಅಲರ್ಜಿಯಲ್ಲಿ ತುರಿಕೆ ಮುಂದೆ. ತಾಗಿ ಒಂದರಿಂದ ಮೂರು ದಿನ ಬಿಟ್ಟು ಬರುತ್ತದೆ, ಚೂರೇ ಚೂರು ತಾಗಿದರೂ ಸಾಕು, ರೆಪ್ಪೆ, ಮುಂಗೈಗೂ ಹರಡಬಹುದು. ಆದರೆ ನೋಡಿ ಹೇಳುವುದು ವೈದ್ಯರಿಗೂ ಕಷ್ಟ, ಎರಡೂ ಒಟ್ಟಿಗೇ ಇರುವುದು ಸಾಮಾನ್ಯ. ಖಚಿತವಾಗಬೇಕಾದರೆ ಪ್ಯಾಚ್ ಟೆಸ್ಟ್: ಶಂಕೆಯ ಪದಾರ್ಥಗಳನ್ನು ಸರಿಯಾದ ಪ್ರಮಾಣಕ್ಕೆ ತೆಳುಮಾಡಿ ಬೆನ್ನಿಗೆ ಅಂಟಿಸಿ, 48 ಗಂಟೆಗೆ ತೆಗೆದು ನೋಡಿ, ಮತ್ತೆ ನಾಲ್ಕನೇ ದಿನದ ಸುಮಾರಿಗೆ ನೋಡುತ್ತಾರೆ. ಕೆಲಸದ ಜಾಗದ ರಾಸಾಯನಿಕವನ್ನು ಮನೆಯಲ್ಲಿ ನೀವೇ ಹಚ್ಚಿ ನೋಡಬೇಡಿ. ಸುಟ್ಟ ಗಾಯ ಆಗಬಹುದು, ಇಲ್ಲದ ಅಲರ್ಜಿ ಹೊಸದಾಗಿ ಹುಟ್ಟಲೂಬಹುದು.

ಎರಡು ವಾರ ಮೇಲಿನ ಕ್ರಮಗಳನ್ನು ಸರಿಯಾಗಿ ಪಾಲಿಸಿದರೂ ಇಳಿಯದಿದ್ದರೆ, ಸೀಳು ಆಳವಾಗಿ ರಕ್ತ ಬಂದರೆ, ರಜೆಯಲ್ಲಿ ವಾಸಿಯಾಗಿ ಕೆಲಸಕ್ಕೆ ಹೋದೊಡನೆ ಮರಳಿದರೆ ತೋರಿಸಿ. ಕೀವು, ಹಳದಿ ಹಕ್ಕಳೆ, ಹರಡುವ ಕೆಂಪು, ಜ್ವರ ಇದ್ದರೆ ಅದೇ ದಿನ ಹೋಗಿ. ಒಂದೇ ಕೈಯಲ್ಲಿ ಹೊಟ್ಟು ಏಳುತ್ತಿದ್ದು ಜೊತೆಗೆ ಪಾದದಲ್ಲೂ ಇದ್ದರೆ ಅದು ಶಿಲೀಂಧ್ರ ಸೋಂಕಿರಬಹುದು. ಅದಕ್ಕೆ ಕೇಳದೆ ಸ್ಟಿರಾಯ್ಡ್ ಮುಲಾಮು ಹಚ್ಚಿದರೆ ಮೇಲ್ನೋಟಕ್ಕೆ ತಣ್ಣಗಾಗಿ ಒಳಗೆ ಹಬ್ಬುತ್ತದೆ, ಆಮೇಲೆ ಪತ್ತೆಹಚ್ಚುವುದೇ ಕಷ್ಟ.

ಹೋಗುವಾಗ ನೀವು ಮುಟ್ಟುವ ಸೋಪು, ಕ್ಲೀನರ್, ಕ್ರೀಂ ಲೇಬಲ್‌ಗಳ ಫೋಟೊ, ಸುರಕ್ಷತಾ ಮಾಹಿತಿ ಪತ್ರ, ಬಳಸುವ ಗ್ಲೌಸಿನ ಒಂದು ಜೊತೆ ತೆಗೆದುಕೊಂಡು ಹೋಗಿ. ಕೈ ಹೆಚ್ಚು ಕೆಟ್ಟಿರುವ ದಿನದ ಫೋಟೊವೂ ಇರಲಿ, ಯಾಕೆಂದರೆ ಅಪಾಯಿಂಟ್‌ಮೆಂಟಿನ ದಿನಕ್ಕೆ ಅದು ಇಳಿದಿರುವುದೇ ಹೆಚ್ಚು.

ನೀರುಕೈ

ಫೋಟೊ ವಿಷಯ ಹೊಳೆದಿರಲಿಲ್ಲ. ಸಿಂಕಿನ ಪಕ್ಕ, ಕೆಲಸದ ಮೇಜಿನ ಮೇಲೆ, ಹಾಸಿಗೆ ಹತ್ತಿರ ಒಂದೊಂದು ಟ್ಯೂಬು ಇಟ್ಟರೆ ಸಾಕಾ, ಪಂಪ್ ಡಬ್ಬಿ ಒಳ್ಳೆಯದಾ?

ದಾದಿ_ಪಾಳಿ

ಹಲವರು ಬಳಸುವ ಕಡೆ ಟ್ಯೂಬು ಅಥವಾ ಪಂಪ್, ಬಾಯಿ ಅಗಲದ ಡಬ್ಬಿ ಬೇಡ. ಒದ್ದೆ ಬೆರಳು ಅದ್ದಿದರೆ ಕ್ರೀಂನಲ್ಲಿ ಸೂಕ್ಷ್ಮಾಣು ಬೆಳೆಯುತ್ತೆ. ಖಾಲಿಯಾದ ಪಂಪ್ ಡಬ್ಬಿಗೆ ಮೇಲಿಂದ ಮೇಲೆ ತುಂಬಿಸಲೂಬೇಡಿ. ಹಾಸಿಗೆ ಹತ್ತಿರದ್ದು ದಪ್ಪ ಮುಲಾಮಾಗಿದ್ದರೆ ಡಬ್ಬಿಯೂ ನಡೆಯುತ್ತೆ, ಒಣ ಚಮಚದಲ್ಲಿ ತೆಗೆಯಿರಿ.